ಬಾವುಟ ಯಾರದು

ಹ್ಯಾಂಬರ್ಗಿನ ಕೋರ್ಟಿನಲ್ಲಿ ನ್ಯಾಯಾಧೀಶರು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಇತ್ತ ದಡ್ಡಿ ಊರಿನ ಮನೆಯ ಪಡಸಾಲೆಯಲ್ಲಿ, ಬೆಲ್ಲದ ಡಬ್ಬಿಗೆ ಆನಿಸಿಟ್ಟ ಮೊಬೈಲಿನ ಮುಂದೆ ತಾಯವ್ವನೂ ಎದ್ದು ನಿಂತಳು.

"ನೀವ್ಯಾಕ ಏಳತೀರಿ ಅತ್ತಿ? ಅವರಿಗೇನ ಕಾಣತೈತೇನ್ರಿ?" ಎಂದಳು ಸೊಸೆ ಆಮ್ರಪಾಲಿ.

"ಕಾಣದಿದ್ರ ಬಿಡು. ನನ್ನ ಮಗನ ನ್ಯಾಯ ಅದು."

ಮಗ ಲಖನ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ದೂರದ ದೇಶವೊಂದರ ಸಮುದ್ರದಲ್ಲಿ ಮೀನು ಹಿಡಿಯುವ ದೋಣಿಗಳಿಗೆ ಅನುಮತಿಯಿಲ್ಲದೆ ಡೀಸೆಲ್ ತುಂಬಿದರೆಂದು ಅಲ್ಲಿಯ ಕಾವಲು ಪಡೆ ಹಡಗನ್ನು ಹಿಡಿದಿತ್ತು. ಅದು ಮಳೆಗಾಲಕ್ಕೆ ಮೊದಲು. ಈಗ ಕಬ್ಬು ಕಡಿಯುವ ಕಾಲ. ಜಾಮೀನು ಕೊಟ್ಟರೆ ಹಡಗನ್ನೂ ಜನರನ್ನೂ ಬೇಗ ಬಿಡಬೇಕು, ಬಿಡದಿದ್ದರೆ ಹ್ಯಾಂಬರ್ಗಿನ ಈ ಅಂತರರಾಷ್ಟ್ರೀಯ ಸಮುದ್ರ ನ್ಯಾಯಮಂಡಳಿಗೆ ಹೋಗಬಹುದು ಎಂಬ ಒಪ್ಪಂದ ದೇಶಗಳ ನಡುವೆ ಇದೆ. ನಿಡಸೋಸಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಆಮ್ರಪಾಲಿ ಅದನ್ನೆಲ್ಲ ಓದಿ ಅತ್ತೆಗೆ ಹೇಳಿದ್ದಳು.

"ನಮ್ಮ ದೇಶದಾವ್ರು ಯಾಕ ಹೋಗಬಾರದು?" ಎಂದು ತಾಯವ್ವ ಅಂದೇ ಕೇಳಿದ್ದಳು.

"ಹಡಗ ನಮ್ಮದಲ್ರಿ. ಅದರ ಮ್ಯಾಲ ಯಾವ ದೇಶದ ಬಾವುಟ ಐತಿ, ಅವರ ಹೋಗಬೇಕು. ಒಳಗಿನ ಮಂದಿ ಎಲ್ಲಾ ಅವರ ಲೆಕ್ಕಕ್ಕ."

ತಾಯವ್ವನಿಗೆ ಇದು ವಿಚಿತ್ರವೆನಿಸಿರಲಿಲ್ಲ. ಊರ ಹಿರಿಯರು ನ್ಯಾಯಕ್ಕೆ ಕುಳಿತಾಗ, ಹೊರಗಿನವನ ಮಾತು ಕೇಳುವ ಮೊದಲು ಊರಿನ ಒಬ್ಬರು ಎದ್ದು ನಿಂತು "ಇಂವ ನಮ್ಮಾಂವ" ಅನ್ನಬೇಕು. ಕಬ್ಬು ಕಡಿಯಲು ಬಂದವನೊಬ್ಬನಿಗಾಗಿ ಒಮ್ಮೆ ಆಕೆಯೇ ಎದ್ದು ನಿಂತಿದ್ದಳು.

ಈಗ ಕೋರ್ಟಿನವರು ಕುಳಿತರು, ಆಕೆಯೂ ಕುಳಿತಳು. ಬಾಜೂ ಮನೆಯ ಸತ್ತೆಪ್ಪ ಬಂದು ಮೊಬೈಲಿಗೆ ಬಗ್ಗಿ ನೋಡಿದ.

"ಇಷ್ಟ ಮಂದಿ ಜಡ್ಜರು, ಒಬ್ಬರರ ಎಲಿ ಅಡಿಕಿ ಹಾಕವಲ್ರು! ನ್ಯಾಯ ಹೆಂಗ ಬಗಿಹರೀತೈತೊ ಏನೊ."

"ಸುಮ್ಮ ಕುಂದರ್ರಿ ಕಾಕಾ," ಎಂದಳು ಆಮ್ರಪಾಲಿ.

ಅಧ್ಯಕ್ಷರು ತೀರ್ಪು ಓದುತ್ತಿದ್ದರು. ಅವಳು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ನಡುವೆ ನಿಲ್ಲಿಸಿದಳು.

"ಏನಾತು? ತಪ್ಪ ಮಾಡ್ಯಾರಂತೇನು?"

"ತಪ್ಪಿನ ಮಾತಿಗೇ ಬರಲಿಲ್ರಿ ಅತ್ತಿ. ಹಡಗಿನ ನೋಂದಣಿ ಅವಧಿ ಮುಗದಿತ್ತಂತ. ಮಾಲಕರು ಮತ್ತ ಮಾಡಸೇ ಇಲ್ಲ. ಅರ್ಜಿ ಹಾಕಿದಾಗ ಹಡಗ ಆ ದೇಶದ್ದ ಇತ್ತು ಅನ್ನಾಕ ಪುರಾವೆ ಇಲ್ಲಂತ. ಅದಕ್ಕ ಈ ಕೇಸ್ ಕೇಳೂ ಅಧಿಕಾರ ತಮಗಿಲ್ಲ ಅಂದ್ರು."

"ಅಂದ್ರ ಲಖನ?"

"ಅಲ್ಲೇರಿ."

ಸತ್ತೆಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಷ್ಟ ಮಂದ್ಯಾಗ," ತಾಯವ್ವ ಮೆಲ್ಲಗೆ ಕೇಳಿದಳು, "ನಮ್ಮಾಂವ ಅನ್ನಾಕ ಒಬ್ಬರೂ ಇಲ್ಲೇನು?"

ಕೋರ್ಟಿನಲ್ಲಿ ಮತ್ತೆ ಎಲ್ಲರೂ ಎದ್ದರು. ತಾಯವ್ವ ಗೋಡೆ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡಳು. ನ್ಯಾಯಾಧೀಶರು ಸಾಲಾಗಿ ಹೊರಗೆ ಹೋದರು. ಹಿಂದೆಯೇ ಉಳಿದವರೂ ಹೋದರು. ಮೊಬೈಲಿನಲ್ಲಿ ಖಾಲಿ ಕುರ್ಚಿಗಳಷ್ಟೇ ಕಾಣುತ್ತಿದ್ದವು. ಆಕೆ ನಿಂತೇ ಇದ್ದಳು.