ಕೂಳೂರಿಗೆ ಮೊದಲು ನಿಲ್ಲುವ ಕಾರು

ಬೆಳಿಗ್ಗೆ ಏಳೂವರೆಗೆ ಇಸಿದೋರ್ ಸಲ್ಡಾನಾ ಕುದ್ರೋಳಿಯ ಗ್ಯಾರೇಜಿಗೆ ಹೋಗಿ, ರಿಪೇರಿಯ ಬಿಲ್ ಕೊಡುವುದಿಲ್ಲ ಎಂದು ಹೇಳಿದರು. ಅದು 1963ರ ನವೆಂಬರ್ ತಿಂಗಳ ಕೊನೆಯ ಶುಕ್ರವಾರ. ಬಿಲ್ಲಿನ ಮೊತ್ತ ನಲವತ್ತೆರಡು ರೂಪಾಯಿ.

ಇಸಿದೋರ್ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದು ಆ ವರ್ಷವೇ ನಿವೃತ್ತರಾಗಿದ್ದರು. ಕೈಗೆ ಬಂದ ಹಣದಲ್ಲಿ ಹಳೆಯ ಆಸ್ಟಿನ್ ಕಾರೊಂದನ್ನು ಕೊಂಡಿದ್ದರು. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸಕ್ಕೆ ಬಂದಿದ್ದ ಒಬ್ಬ ಎಂಜಿನಿಯರಿಗೆ ತಿಂಗಳ ಬಾಡಿಗೆಯ ಕಾರು ಬೇಕಿತ್ತು. ಶುಕ್ರವಾರ ಒಂಬತ್ತು ಗಂಟೆಗೆ ಕಾರು ತಂದು ತೋರಿಸಬೇಕು, ಸರಿ ಕಂಡರೆ ಸೋಮವಾರದಿಂದ ಬಾಡಿಗೆ ಎಂದು ಮಾತಾಗಿತ್ತು. ಈ ಬಾಡಿಗೆ ಸಿಗದಿದ್ದರೆ ಕಾರನ್ನು ಮಾರುವುದಲ್ಲದೆ ಇಸಿದೋರರಿಗೆ ಬೇರೆ ದಾರಿ ಇರಲಿಲ್ಲ.

ಕಾರಿನ ದೋಷ ಇಷ್ಟು: ಬಲ್ಮಠದ ಮನೆಯಿಂದ ಹೊರಟರೆ ಕೊಟ್ಟಾರದವರೆಗೆ ಚೆನ್ನಾಗಿ ಓಡುತ್ತಿತ್ತು. ಪಣಂಬೂರಿನ ದಾರಿಯಲ್ಲಿರುವ ಕೂಳೂರು ಸೇತುವೆ ಕಾಣುವ ಮೊದಲು ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಅರ್ಧ ಗಂಟೆ ಕಾದರೆ, ಯಾರೂ ಏನೂ ಮಾಡದೆ, ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಗ್ಯಾರೇಜಿನ ಮಾಲಕ ಹಾಶಿಂ ಅದನ್ನು ಎರಡು ಬಾರಿ ರಿಪೇರಿ ಮಾಡಿದ್ದರು. ಎರಡು ಬಾರಿಯೂ ತಾವೇ ಅಷ್ಟೇ ದೂರದ ಪಡೀಲಿನವರೆಗೆ ಓಡಿಸಿ ನೋಡಿದ್ದರು. ಕಾರು ಎಲ್ಲೂ ನಿಂತಿರಲಿಲ್ಲ. ಇಸಿದೋರರ ಕೈಗೆ ಬಂದ ಮೇಲೆ ಎರಡು ಬಾರಿಯೂ ನಿಂತಿತ್ತು.

ಆ ದಿನ ಇಸಿದೋರರ ಜೊತೆ ಅವರದೇ ವಠಾರದ ಬೊನಿಫಾಸ್ ಬಂದಿದ್ದರು.

"ಎಂತ ಪೊರ್ಬುಗಳೇ, ಬೆಳಿಗ್ಗೆ ಬೆಳಿಗ್ಗೆ ವಕೀಲರನ್ನು ಕರಕೊಂಡು ಬಂದದ್ದಾ?" ಎಂದು ಹಾಶಿಂ ಕೇಳಿದರು.

"ಇವ ವಕೀಲ ಅಲ್ಲ, ವಕೀಲರ ಆಫೀಸಿನ ಟೈಪಿಸ್ಟ್. ಕಾರು ನಿನ್ನೆ ಸಂಜೆ ಪುನಃ ನಿಂತಿತು ಬ್ಯಾರಿಗಳೇ," ಎಂದರು ಇಸಿದೋರ್. ಆ ಊರಲ್ಲಿ ಕ್ರೈಸ್ತರನ್ನು ಪೊರ್ಬು, ಮುಸ್ಲಿಮರನ್ನು ಬ್ಯಾರಿ ಎಂದು ಕರೆಯುವುದು ರೂಢಿ.

"ಎಲ್ಲಿ?"

"ಅಲ್ಲೇ. ಕೂಳೂರಿಗೆ ಮೊದಲು."

"ಆ ಸೇತುವೆಗೆ ನಿಮ್ಮ ಮೇಲೆ ಎಂತದೋ ಸಿಟ್ಟು ಉಂಟು."

"ತಮಾಷೆ ಬೇಡ. ಒಂಬತ್ತಕ್ಕೆ ನಾನು ಪಣಂಬೂರಲ್ಲಿ ಇರಬೇಕು."

ಬೊನಿಫಾಸ್ ಮುಂದೆ ಬಂದರು. "ಕೆಲಸ ಆಗದೆ ಕೂಲಿ ಕೇಳ್ಲಿಕ್ಕೆ ಕಾನೂನಲ್ಲಿ ಇಲ್ಲ."

"ಯಾವ ಕಾನೂನಲ್ಲಿ?"

"ಎಲ್ಲದರಲ್ಲಿ."

ಹಾಶಿಂ ಕೈ ಒರೆಸಿಕೊಂಡರು. ತಾನು ಕಾರ್ಬುರೇಟರ್ ಬಿಚ್ಚಿ ತೊಳೆದದ್ದು, ಟ್ಯಾಂಕ್ ಖಾಲಿ ಮಾಡಿ ತೊಳೆದದ್ದು, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿಗೆ ಡಯಾಫ್ರಾಮ್ ಎಂಬ ಹೊಸ ಪೊರೆ ಹಾಕಿದ್ದು ಸುಳ್ಳಲ್ಲ, ಹಳೆಯ ಡಯಾಫ್ರಾಮ್ ಬೇಕಾದರೆ ತೋರಿಸುತ್ತೇನೆ ಎಂದರು. ಅದನ್ನು ತಂದು ತೋರಿಸಿದರು ಕೂಡ. ಇಸಿದೋರ್ ಅದನ್ನು ತಿರುಗಿಸಿ ನೋಡಿದರು. ಅದು ಕೆಟ್ಟದ್ದೋ ಒಳ್ಳೆಯದೋ ಅವರಿಗೆ ಗೊತ್ತಾಗಲಿಲ್ಲ. ಬೊನಿಫಾಸರಿಗೂ ಗೊತ್ತಾಗಲಿಲ್ಲ, ಆದರೂ ಅವರು ತಲೆಯಾಡಿಸಿದರು.

"ನೀವು ಬಿಡುವುದರಲ್ಲೇ ಎಂತದೋ ಉಂಟು," ಎಂದರು ಹಾಶಿಂ. "ನನ್ನ ಕೈಯಲ್ಲಿ ಕುದುರೆ ಹಾಗೆ ಓಡ್ತದೆ."

"ಹಾಗಾದ್ರೆ ಈಗ ನೀವೇ ಬಿಡಿ. ಪಣಂಬೂರಿಗೆ. ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ. ನಿಲ್ಲದಿದ್ರೆ ಬಿಲ್ ಪೂರ್ತಿ ಕೊಡ್ತೇನೆ."

"ನಿಂತ್ರೆ ಒಂದು ಕಾಸು ಬೇಡ," ಎಂದು ಹಾಶಿಂ ಕಾರಿಗೆ ಹತ್ತಿದರು. ಬೊನಿಫಾಸ್ ಸಾಕ್ಷಿಯಾಗಿ ಹಿಂದೆ ಕುಳಿತರು.

ಕಾರು ಕೊಟ್ಟಾರ ದಾಟಿತು. ಹಾಶಿಂ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, "ನೋಡಿ, ನೋಡಿ," ಎನ್ನುತ್ತಿದ್ದರು. ಇಸಿದೋರ್ ರಸ್ತೆಯನ್ನೇ ನೋಡುತ್ತಿದ್ದರು. ಕಾರು ನಿಲ್ಲಬಾರದೆಂದು ಅವರಿಗೆ ಆಸೆ, ನಿಂತರೆ ನಲವತ್ತೆರಡು ರೂಪಾಯಿ ಉಳಿಯಿತು ಎಂಬ ಲೆಕ್ಕ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಕೂಳೂರು ಸೇತುವೆಗೆ ಒಂದು ಫರ್ಲಾಂಗ್ ಇರುವಾಗ ಕಾರು ಎರಡು ಸಲ ಕೆಮ್ಮಿ ನಿಂತಿತು.

ಹಾಶಿಂ ನಾಲ್ಕು ಸಲ ಸ್ಟಾರ್ಟರ್ ಎಳೆದು ನೋಡಿದರು. ಕೊನೆಗೆ ಬೊನಿಫಾಸ್, "ನಾನು ಸಾಕ್ಷಿ," ಎಂದರು.

"ಸುಮ್ಮನಿರು ಮಾರಾಯ," ಎಂದು ಇಸಿದೋರರೇ ಗದರಿದರು.

ಹಾಶಿಂ ಬಾನೆಟ್ ಎತ್ತಿ ಪಂಪಿನ ಪೈಪ್ ಬಿಚ್ಚಿದರು. ಪೆಟ್ರೋಲ್ ಬರುತ್ತಿರಲಿಲ್ಲ. ಹೊಸ ಡಯಾಫ್ರಾಮ್, ತೊಳೆದ ಟ್ಯಾಂಕ್. ಬರದೇ ಇರಲು ಕಾರಣವಿರಲಿಲ್ಲ. ಪೈಪ್ ಮತ್ತೆ ಜೋಡಿಸಿದರು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ನೋಡಲು ಹಿಂದೆ ಹೋದರು. ಮುಚ್ಚಳದ ಎದುರು ನಿಂತು ಸ್ವಲ್ಪ ಹಿಂಜರಿದು, ಕೈಯನ್ನು ಲುಂಗಿಗೆ ಒರೆಸಿ, ಎರಡು ಬೆರಳಲ್ಲಿ ಅದನ್ನು ತಿರುಗಿಸಿದರು. ಉಸ್ಸೆಂದು ಗಾಳಿ ಒಳಗೆ ಹೋದ ಶಬ್ದ ಮೂವರಿಗೂ ಕೇಳಿಸಿತು.

"ಸ್ಟಾರ್ಟ್ ಮಾಡಿ," ಎಂದರು ಹಾಶಿಂ. ಒಂದೆರಡು ಸಲ ಎಳೆದು ಕಾರು ಸ್ಟಾರ್ಟ್ ಆಯಿತು.

ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರಬೇಕಿತ್ತು. ಪೆಟ್ರೋಲ್ ಖರ್ಚಾದ ಹಾಗೆ ಟ್ಯಾಂಕಿನೊಳಗೆ ಗಾಳಿ ಹೋಗುವುದು ಅದರಿಂದಲೇ. ಗಾಳಿ ಹೋಗದಿದ್ದರೆ ಸ್ವಲ್ಪ ದೂರದ ಮೇಲೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಈ ಮುಚ್ಚಳದ ತೂತಿನ ಮೇಲೆ ಪ್ರಯಾಣಿಕರನ್ನು ಕಾಯುವ ಸಂತ ಕ್ರಿಸ್ತೋಫರರ ಬಿಲ್ಲೆಯೊಂದನ್ನು ಅರಗು ಕರಗಿಸಿ ಅಂಟಿಸಲಾಗಿತ್ತು.

"ಇದನ್ನು ಇಲ್ಲಿ ಅಂಟಿಸಿದ್ದು ಯಾರು?" ಎಂದು ಹಾಶಿಂ ಕೇಳಿದರು.

"ನಾನೇ. ರಾತ್ರಿ ಪೆಟ್ರೋಲ್ ಕದೀತಿದ್ರು. ಪಾದ್ರಿಗಳು ಆಶೀರ್ವಾದ ಮಾಡಿದ ಬಿಲ್ಲೆ. ಸಂತರನ್ನು ತಿರುಗಿಸಿ ಪೆಟ್ರೋಲ್ ಕದಿಯುವಷ್ಟು ಧೈರ್ಯ ನಮ್ಮ ವಠಾರದಲ್ಲಿ ಯಾರಿಗೂ ಇಲ್ಲ."

ಬೊನಿಫಾಸ್ ರಸ್ತೆಯ ಆಚೆ ಬದಿ ನೋಡಿದರು.

"ಆದ್ರೆ ನೀವು ಓಡಿಸುವಾಗ ನಿಲ್ಲಲಿಲ್ಲವಲ್ಲ?" ಎಂದು ಇಸಿದೋರ್ ಕೇಳಿದರು. "ಆಗಲೂ ಬಿಲ್ಲೆ ಇತ್ತಲ್ಲ?"

ಹಾಶಿಂ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದರು. "ಆಗ ಮುಚ್ಚಳ ಇರಲಿಲ್ಲ," ಎಂದರು. "ನಿಮ್ಮ ಸಂತರದ್ದಲ್ವಾ? ನಾನು ಎಣ್ಣೆ ಕೈಯಲ್ಲಿ ಮುಟ್ಟುವುದು, ನೆಲದಲ್ಲಿ ಬಿಸಾಡುವುದು ಸರಿಯಾ? ಕಾರು ಬಂದ ಕೂಡ್ಲೇ ತೆಗೆದು, ಒಗೆದ ಬಟ್ಟೆಯಲ್ಲಿ ಸುತ್ತಿ ಮೇಲೆ ಅಟ್ಟದಲ್ಲಿ ಇಟ್ಟೆ. ಟ್ಯಾಂಕಿನ ಬಾಯಿಗೆ ಚಿಂದಿ ಇಟ್ಟು ಓಡಿಸಿದೆ. ನಿಮಗೆ ಕೊಡುವ ಹೊತ್ತಿಗೆ ಕೈ ತೊಳೆದು ಮುಚ್ಚಳ ಹಾಕಿದೆ."

"ಎರಡು ಸಲವೂ?"

"ಎರಡು ಸಲವೂ."

ಇಸಿದೋರರಿಗೆ ಸಿಟ್ಟು ಬರಬೇಕಿತ್ತು. ಯಾವುದರ ಮೇಲೆ ಎಂದು ತಿಳಿಯಲಿಲ್ಲ. ಬಿಲ್ಲೆಯನ್ನು ನೆಲದಲ್ಲಿ ಎಸೆದಿದ್ದರೆ ಅವರು ಆ ಗ್ಯಾರೇಜಿಗೆ ಕಾಲಿಡುತ್ತಿರಲಿಲ್ಲ. ಎಸೆಯದೆ ಇದ್ದುದರಿಂದ ಕಾರು ಇಲ್ಲಿ ನಿಂತಿತ್ತು.

"ಹಾಗಾದ್ರೆ ಡಯಾಫ್ರಾಮ್ ಬೇಡವೇ ಇತ್ತು," ಎಂದರು.

"ಅದು ಹಳತಾಗಿತ್ತು. ಇವತ್ತಲ್ಲದಿದ್ರೆ ನಾಳೆ ಹೋಗ್ತಿತ್ತು."

"ನಾಳೆ ಹೋದದ್ದಕ್ಕೆ ನಾಳೆ ಕೊಡ್ತಿದ್ದೆ."

"ತೂತು ಮುಚ್ಚಿದ್ದು ನೀವು."

"ತೂತು ನೋಡದೆ ಇದ್ದದ್ದು ನೀವು."

"ಅರ್ಧರ್ಧ ಮಾಡಿ," ಎಂದರು ಬೊನಿಫಾಸ್.

"ಅರ್ಧ ತೆಕ್ಕೊಂಡ್ರೆ ಅರ್ಧ ತಪ್ಪು ನಂದು ಅಂತ ಆಗ್ತದೆ," ಎಂದು ಹಾಶಿಂ ಹೇಳಿದರು. ಅರ್ಧ ಕೊಟ್ಟರೆ ತನ್ನ ವಿಷಯದಲ್ಲೂ ಹಾಗೆಯೇ ಆಗುತ್ತದೆ ಎಂದು ಇಸಿದೋರರಿಗೆ ಅನಿಸಿತು. ನಿಂತರೆ ಒಂದು ಕಾಸು ಬೇಡ ಎಂದ ಮಾತನ್ನು ಬೊನಿಫಾಸ್ ನೆನಪಿಸಿದರು. ಕಾರು ತಾನಾಗಿ ನಿಂತದ್ದಲ್ಲ, ನಿಲ್ಲಿಸಲ್ಪಟ್ಟದ್ದು ಎಂದರು ಹಾಶಿಂ. ಅದು ಹೇಗೆ ಎಂದು ಬೊನಿಫಾಸ್ ಕೇಳಿದರು. ವಿವರಿಸಲು ಹೊರಟ ಹಾಶಿಂಗೆ ಇಸಿದೋರ್ ಗಡಿಯಾರ ತೋರಿಸಿದರು.

ಆಗ ಒಂಬತ್ತಾಗಲು ಐದು ನಿಮಿಷ. ಅರಗನ್ನು ಕೆರೆದು ತೆಗೆಯಲು ಹಾಶಿಂ ಒಪ್ಪಲಿಲ್ಲ. ರಸ್ತೆಬದಿಯಲ್ಲಿ ಸ್ಕ್ರೂಡ್ರೈವರಿನಿಂದ ಸಂತರನ್ನು ಕೀಳಲು ಇಸಿದೋರರಿಗೂ ಕೈ ಬರಲಿಲ್ಲ. ಟ್ಯಾಂಕಿನ ಬಾಯಿಗೆ ಬೊನಿಫಾಸರ ಕರವಸ್ತ್ರ ತುರುಕಿ, ಮುಚ್ಚಳವನ್ನು ಇಸಿದೋರ್ ಮಡಿಲಲ್ಲಿ ಇಟ್ಟುಕೊಂಡು ಮೂವರೂ ಪಣಂಬೂರಿಗೆ ಹೋದರು. ಎಂಜಿನಿಯರು ಒಂಬತ್ತು ಗಂಟೆಯವರೆಗೆ ಕಾದು, ಕಂಟ್ರಾಕ್ಟರರ ಲಾರಿಯಲ್ಲಿ ಹೊರಟುಹೋಗಿದ್ದರು. ನಾಳೆ ಇನ್ನೊಮ್ಮೆ ನೋಡುತ್ತಾರೆ, ಅದಕ್ಕೂ ತಪ್ಪಿದರೆ ಬರುವುದು ಬೇಡ ಎಂದು ಅಲ್ಲಿನ ಗುಮಾಸ್ತ ಹೇಳಿದ.

ಸಂಜೆ ಇಸಿದೋರರ ಹೆಂಡತಿ ರೊಸಾಲಿನ್ ಅಡುಗೆಮನೆಯಲ್ಲಿ ಮುಚ್ಚಳವನ್ನು ಬಿಸಿನೀರಿಗೆ ಹಾಕಿ ಬಿಲ್ಲೆ ಬಿಡಿಸಿದರು. "ನಾನು ಕೊಟ್ಟದ್ದು ಸ್ಟಿಯರಿಂಗಿನ ಹತ್ತಿರ ಇಡ್ಲಿಕ್ಕೆ," ಎಂದರು. "ಹಿಂದೆ ಇಟ್ಟರೆ ಅವರಿಗೆ ದಾರಿ ಕಾಣುವುದು ಹೇಗೆ?" ಇಸಿದೋರ್ ಪಿನ್ನಿನಿಂದ ತೂತನ್ನು ಬಿಡಿಸುತ್ತ, ಬಿಲ್ ಯಾರು ಕೊಡಬೇಕು ಎಂದು ಆಕೆಯನ್ನು ಕೇಳಿದರು. ಮೊದಲು ಬಾಡಿಗೆ ಸಿಗಲಿ ಎಂದರು ರೊಸಾಲಿನ್.

ಶನಿವಾರ ಕಾರು ಕೂಳೂರು ಸೇತುವೆ ದಾಟಿ ಎಂಟೂ ಮುಕ್ಕಾಲಿಗೆ ಪಣಂಬೂರು ತಲುಪಿತು. ಎಂಜಿನಿಯರು ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡು, ಸುರತ್ಕಲ್ಲಿಗೆ ಹೋಗಲು, ಸೋಮವಾರವೂ ಇದೇ ಹೊತ್ತಿಗೆ ಬರಲು ಹೇಳಿದರು. ನಲವತ್ತೆರಡು ರೂಪಾಯಿಯ ಬಿಲ್ ಇನ್ನೂ ಇಸಿದೋರರ ಕಿಸೆಯಲ್ಲೇ ಇತ್ತು.