ಗುಡ್ಡದ ಮೇಲೆ ಕರೆದ ಹೆಸರು

ಗಿಲ್‌ಮಿಖೇಲ್ ಬಾಯಿ ತೆರೆಯುವ ಮೊದಲೇ ಮುರಿಯಲ್ ಕಲ್ಲೇರಿ ನಿಂತಿದ್ದಳು. ಬರಿಗಾಲಿಗೆ ಬಂಡೆ ಕೊರೆಯುತ್ತಿತ್ತು. ಅಪ್ಪ ಫರ್ಹಾರ್ ತೀರಿಕೊಂಡು ನಲವತ್ತು ದಿನ. ಗಂಡು ಸಂತಾನವಿಲ್ಲದ ಅವನ ಮೊರ್ಮೇರ್ ಎಂಬ ನಾಡೊಡೆಯನ ಪದವಿ, ಅದರ ಜೊತೆಗೆ ಸ್ಟ್ರಾಥ್‌ಗಾರ್ವ್ ಕಣಿವೆಯ ಒಡೆತನ, ಇಂದು ಅವಳಿಗೆ ಬರಬೇಕು. ಸ್ಕಾಟರ ದೊರೆಯ ಪತ್ರ, ಮುದ್ರೆ ಎಲ್ಲ ಆಮೇಲಿನ ಮಾತು. ಈ ಗುಡ್ಡದ ಮೇಲೆ ವಂಶಾವಳಿ ಹೇಳುವವನು ಮೊದಲು ಯಾರ ಹೆಸರು ಕರೆಯುತ್ತಾನೋ ಅವರೇ ನಾಡಿಗೆ ಒಡೆಯರು. ಕರೆದ ಹೆಸರನ್ನು ದೇವರೂ ಹಿಂದಕ್ಕೆ ಪಡೆಯುವುದಿಲ್ಲವೆಂದು ಹಿರಿಯರ ನಂಬಿಕೆ.

ವಂಶಾವಳಿ ಹೇಳುವ ಗಿಲ್‌ಮಿಖೇಲ್ ಹೊರಗಿನವನೇನಲ್ಲ. ಅವನ ತಾಯಿ ಬೆಥೋಕಳ ಎದೆಹಾಲನ್ನೇ ಇಬ್ಬರೂ ಕುಡಿದು ಬೆಳೆದದ್ದು. "ಯಾರಾದ್ರೂ ವಯಸ್ಸಾದವ್ರನ್ನ ನೇಮಿಸೋಣ ಮಗಳೇ" ಎಂದಿದ್ದ ಅಪ್ಪನಿಗೆ, "ಒಡಹುಟ್ಟಿದವ್ರು ಕೈಬಿಟ್ಟಾರು, ಹಾಲು ಹಂಚಿಕೊಂಡವನು ಬಿಟ್ಟಾನೇನಪ್ಪಾ?" ಎಂದು ಅವನಿಗೆ ಆ ಕೆಲಸ ಕೊಡಿಸಿದವಳು ಮುರಿಯಲ್ಲೇ.

"ಬೇಗ ಕರಿಯೋ ಮಾರಾಯ, ನಮ್ಮ ಒಡತಿ ನಿಂತಲ್ಲೇ ಹೆಪ್ಪುಗಟ್ಟಿ ಹೋದಾಳು!" ಕುರಿ ಕಾಯುವವನೊಬ್ಬ ಕೂಗಿದ. ನಗು ಎದ್ದಿತು. ಮುರಿಯಲ್ ಕೂಡ ನಕ್ಕಳು.

ಗಿಲ್‌ಮಿಖೇಲ್ ನಗಲಿಲ್ಲ. "ಕಾಂಗಲ್, ಮಾಲ್‌ಈಸನ ಮಗ. ಮಾಲ್‌ಈಸ, ನೆಕ್ಟಾನನ ಮಗ..."

ಕಾಂಗಲ್ ಅವಳ ಚಿಕ್ಕಪ್ಪ, ಮಾಲ್‌ಈಸ ಅವಳ ಅಜ್ಜ. ಅವಳಷ್ಟೇ ಅಲ್ಲ, ಅಪ್ಪನೂ ವಂಶದಿಂದ ಜಾರಿಹೋಗಿದ್ದ. ಹನ್ನೊಂದು ತಲೆಮಾರು ಮುಗಿಯುವವರೆಗೂ ಆ ದನಿ ಒಮ್ಮೆಯೂ ತಡವರಿಸಲಿಲ್ಲ. ಅದೇ ಅವಳನ್ನು ಹೆಚ್ಚು ಇರಿಯಿತು. "ಆಮೆನ್" ಎಂದರು ಕೆಲವರು. ಆಮೇಲೆ ಎಲ್ಲರೂ ಎಂದರು, ಆ ಕುರಿ ಕಾಯುವವನೂ.

"ಇಳಿಯಮ್ಮ, ಕಾಲು ನೋಯುತ್ತೆ" ಎಂದ ಚಿಕ್ಕಪ್ಪ ಮೆಲ್ಲಗೆ.

ಇಳಿಜಾರಿನಲ್ಲಿ ಇಳಿಯುತ್ತಿದ್ದ ಅವಳ ಹಿಂದೆ ಗಿಲ್‌ಮಿಖೇಲ್ ಓಡಿ ಬಂದ. "ಅಕ್ಕಾ, ಹೆಂಗಸು ಒಡತಿಯಾದ್ರೆ ದೊರೆ ತನ್ನ ಕಡೆಯೋನಿಗೆ ನಿನ್ನ ಕಟ್ಟಿ, ಕಣಿವೆನೇ ಅವನ ಮಡಿಲಿಗೆ ಹಾಕ್ತಾನೆ. ನಾಡು ಉಳೀಲಿ ಅಂತ..."

"ನಿನ್ನೆ ನನ್ನ ಒಲೆ ಮುಂದೆ ಕೂತು ಓಟ್ಸ್ ರೊಟ್ಟಿ ತಿಂದೆಯಲ್ಲೋ. ಆಗ ಹೇಳೋಕೇನಾಗಿತ್ತು?"

ಅವನು ಕೈ ಚಾಚಿದ. ಮುರಿಯಲ್ ಹಿಂದೆ ಸರಿದಳು.

"ನನ್ನ ಹೆಸರು ಹೋಗ್ಲಿ. ಅಪ್ಪನ್ನೂ ದಾಟಿಬಿಟ್ಟೆ."

ಗುಂಪಿನಿಂದ ಬೆಥೋಕ್ ಹೊರಬಂದಳು. ಮಗನ ಪಕ್ಕದಿಂದಲೇ ಹಾದು ಕೆಳಗಿಳಿದಳು, ನಿಲ್ಲಲಿಲ್ಲ. ಮುಂದೆ ನಡೆದಿದ್ದ ಮುರಿಯಲ್‌ಳ ಕೈಯನ್ನು ಹಳ್ಳದ ಬಳಿ ಹಿಡಿದಳು. ಮೇಲಿನಿಂದ "ಅವ್ವಾ" ಎಂಬ ಕೂಗು ಕೇಳಿತು. ನೀರು ಮೊಣಕಾಲು ಮುಟ್ಟುತ್ತಿತ್ತು. ಇಬ್ಬರೂ ಒಂದೊಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ತಳ ತಡವಿ ತಡವಿ ದಾಟುತ್ತಿದ್ದರು.