ಕರಿದಾರದ ಗುಂಡಿ

"ಈ ಕಲೆ ನಿಮ್ಮಪ್ಪ ಬಂದು ತೆಗೀತಾನೇನೇ, ಮುಂಡೆ?" ಎಂದು ಲಾಂಡ್ರಿಯ ಮೇಸ್ತ್ರಿ ಒದ್ದೆ ಬೆಡ್‌ಶೀಟನ್ನು ನನ್ನ ಮುಖಕ್ಕೇ ಎಸೆದ. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಕೂತುಬಿಡುತ್ತದೆ. ಇಪ್ಪತ್ತು ವರ್ಷ ಬಟ್ಟೆ ಒಗೆದವಳಿಗೆ ಇವನು ಹೇಳಿಕೊಡಬೇಕೆ? ತಿರುಗಿ ಅನ್ನುವಷ್ಟರಲ್ಲಿ ಅದರ ಮೂಲೆಗೆ ಬಿಗಿದಿದ್ದ ಗಂಟುಗಳು ಕೈಗೆ ಸಿಕ್ಕವು. ಬೆಡ್‌ಶೀಟನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟೆ.

ಒಂದರ ಮೇಲೊಂದು ಮೂರು ಗಂಟು, ಕೊನೆಯದು ಎಡಕ್ಕೆ ತಿರುವಿದ್ದು. ಹಾಗೆ ಹಾಕುವವಳು ನನ್ನ ತಂಗಿಯೊಬ್ಬಳೇ. ಎಡಚಿ ಎಂದು ಆಡಿಕೊಳ್ಳುತ್ತಿದ್ದೆವು. ಮನೆಗೆಲಸ ಕೊಡಿಸುತ್ತೇನೆಂದು ಏಜೆಂಟನೊಬ್ಬ ಅವಳನ್ನು ಕರೆದುಕೊಂಡು ಹೋಗಿ ಏಳು ತಿಂಗಳಾಗಿತ್ತು. ಆ ಬಟ್ಟೆ ಬಂದಿದ್ದ ಮೂಟೆಯ ಮೇಲೆ ಗೋದಾಮಿನ ಹಿಂದಿನ ಗೆಸ್ಟ್‌ಹೌಸಿನ ಚೀಟಿಯಿತ್ತು.

ಠಾಣೆಯವರು ಆ ಗೆಸ್ಟ್‌ಹೌಸಿನ ದುಡ್ಡು ತಿನ್ನುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಲಂಚ ತನಿಖೆಯ ಆಫೀಸಿಗೆ ಹೋದೆ. ಸಾಹೇಬ ನನಗೆ ಕುರ್ಚಿ ಕೊಟ್ಟ. ಹುಟ್ಟಿದಾಗಿನಿಂದ ಯಾವ ಆಫೀಸಿನಲ್ಲೂ ಯಾರೂ ಕೊಟ್ಟಿರಲಿಲ್ಲ. ಅಷ್ಟಕ್ಕೇ ಕರಗಿಹೋದೆ, ದಡ್ಡಿ. ಆ ಗೆಸ್ಟ್‌ಹೌಸಿನವರು ಅಧಿಕಾರಿಗಳಿಗೆ ಲಂಚ ತಿನ್ನಿಸಿ, ಒಂದೇ ಲಾರಿಯಲ್ಲಿ ಉಗ್ರರ ಬಾಂಬನ್ನೂ ಹುಡುಗಿಯರನ್ನೂ ಸಾಗಿಸುತ್ತಾರೆ, ಅವರಿಗಾಗಿ ವರ್ಷದಿಂದ ಕಾಯುತ್ತಿದ್ದೇನೆ ಎಂದ. ಗಂಟಿನ ಗುಟ್ಟನ್ನು ಅವನೊಬ್ಬನಿಗೇ ಹೇಳಿದೆ. ಅವನ ಬಿಳಿ ಅಂಗಿಯ ಎದೆಗುಂಡಿ ಜೋತಾಡುತ್ತಿತ್ತು. ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ಇದ್ದ ಕರಿದಾರದಲ್ಲೇ ಹೊಲಿದುಕೊಟ್ಟೆ.

"ನಿನ್ನ ತಂಗಿ ನನ್ನ ತಂಗಿ ಇದ್ದ ಹಾಗೆ, ಅಕ್ಕ," ಎಂದ. ಅತ್ತುಬಿಟ್ಟೆ.

ಮರುವಾರ ಹಾಡುಹಗಲೇ ಗೆಸ್ಟ್‌ಹೌಸಿನ ಮೇಲೆ ದಾಳಿಯಾಯಿತು. ಗುಂಡಿನ ಸದ್ದು ನಮ್ಮ ತೊಟ್ಟಿಯವರೆಗೂ ಕೇಳಿತು. ಟಿ.ವಿ.ಯಲ್ಲಿ ಸಾಹೇಬನೇ ಸಾಹೇಬ. ನಾಲ್ವರು ಉಗ್ರರು ಸತ್ತರಂತೆ, ಹುಡುಗಿಯರು ಅಲ್ಲಿ ಇರಲೇ ಇಲ್ಲವಂತೆ. ಸತ್ತವರಲ್ಲಿ ಒಬ್ಬ ನಮ್ಮಲ್ಲಿಗೆ ಮೂಟೆ ತರುತ್ತಿದ್ದ ಗಾಡಿಯವನು. ಪಾಪ, ಟೈರು ಒಡೆದರೂ ಬೆಚ್ಚಿಬೀಳುತ್ತಿದ್ದ.

ದಾಳಿಯ ಹಿಂದಿನ ದಿನ ಅವನೇ ಗೆಸ್ಟ್‌ಹೌಸಿನಿಂದ ತಂದಿಳಿಸಿದ್ದ ಮೂಟೆಯನ್ನು ದಾಳಿಯ ಮರುದಿನ ಬಿಚ್ಚಿದೆ. ಒಂದು ಬೆಡ್‌ಶೀಟಿನಲ್ಲೂ ಗಂಟಿರಲಿಲ್ಲ. ನಡುವೆ ಒಂದು ಬಿಳಿ ಅಂಗಿ. ಎದೆಗುಂಡಿಗೆ ಕರಿದಾರ, ನನ್ನದೇ ಹೊಲಿಗೆ.

ಬೇಲಿಯೇ ಎದ್ದು ಹೊಲ ಮೇದಿತ್ತು. ಸಾಹೇಬ ದಾಳಿಗೆ ಮುಂಚೆಯೇ ಅಲ್ಲಿಗೆ ಹೋಗಿ ಅಂಗಿ ಬಿಚ್ಚಿಟ್ಟು ಮಲಗಿದ್ದ, ಹುಡುಗಿಯರನ್ನು ಬೇರೆಡೆಗೆ ಸಾಗಿಸಿದ್ದ. ನನ್ನ ಬಾಯಿಂದಲೇ ನನ್ನ ತಂಗಿಯನ್ನು ಹಿಡಿದುಕೊಟ್ಟಿದ್ದೆ. ಅಂಗಿಯನ್ನು ಒಗೆಯಲಿಲ್ಲ. ಜೊತೆಯ ಹೆಂಗಸರಿಗೆಲ್ಲ ಅದನ್ನು ತೋರಿಸಿ, ಗಂಟಿನ ಗುಟ್ಟನ್ನೂ ಹೇಳಿದೆ.

ಮೂರನೆಯ ದಿನ ಮಧ್ಯಾಹ್ನ ಸಾಹೇಬ ಒಬ್ಬನೇ ಬಂದ. ಮೇಸ್ತ್ರಿ ಕುರ್ಚಿ ಒರೆಸಿ ಹಾಕಿದ. ತನ್ನದೊಂದು ಅಂಗಿ ತಪ್ಪಿ ಇಲ್ಲಿಗೆ ಬಂದಿರಬೇಕೆಂದು ಹೇಳುತ್ತ ಸುತ್ತ ನೋಡಿದವನ ಕಣ್ಣು ನನ್ನ ಮೇಲೆ ನಿಂತಿತು. ಸೀರೆಯ ಮೇಲೆ ಅವನ ಅಂಗಿಯನ್ನೇ ತೊಟ್ಟು ನಾನು ಬಟ್ಟೆ ಹಿಂಡುತ್ತಿದ್ದೆ.

"ಬಿಚ್ಚು," ಎಂದ ಮೆಲ್ಲಗೆ.

"ತಂಗಿನ ಕೊಡಿ, ಅಂಗಿ ತಗೊಳ್ಳಿ."

"ಬಾಯಿ ಮುಚ್ಕೊಂಡು ಕೊಡು. ಇಲ್ಲಾಂದ್ರೆ ಉಗ್ರರ ಪಟ್ಟೀಲಿ ಅವಳ ಹೆಸರೂ ಬರುತ್ತೆ."

"ಸತ್ತಿದ್ರೆ ಹೀಗೆ ಹೆದರಿಸ್ತಿರ್ಲಿಲ್ಲ ನೀನು. ಬದುಕಿದಾಳೆ. ಎಲ್ಲಿಟ್ಟಿದೀಯ ಹೇಳು, ಬೋಳಿಮಗನೆ."

ಮೇಸ್ತ್ರಿ ನನ್ನ ಜುಟ್ಟಿಗೆ ಕೈಹಾಕಿದ. ಅಷ್ಟರಲ್ಲಿ ಯಾರೋ ಒಗೆಯುವ ಯಂತ್ರ ನಿಲ್ಲಿಸಿದರು. ಇನ್ನೊಬ್ಬಳು ಕಬ್ಬಿಣದ ಬಾಗಿಲೆಳೆದು ಅಗುಳಿ ಹಾಕಿದಳು. ಸಾಹೇಬನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು.

ಹತ್ತೊಂಬತ್ತು ಹೆಂಗಸರು ತೊಟ್ಟಿಯಿಂದ ಒಂದೊಂದು ಒದ್ದೆ ಬೆಡ್‌ಶೀಟ್ ಎತ್ತಿಕೊಂಡು, ಮೂಲೆಗೆ ಮೂರು ಮೂರು ಗಂಟು ಬಿಗಿಯುತ್ತ, ಅವನ ಕಡೆಗೆ ನಡೆದರು.